ದ್ವೀಪಕ್ಕೆ ಹೋಗಲು ಒಂದು ಸುಳ್ಳು

ನಿಜದ ಜ್ವರ ನಮ್ಮೂರಿಗೆ ಬಂದದ್ದು ಮಾವಿನಕಾಯಿ ಉಪ್ಪಿಗೆ ಬೀಳುವ ದಿನಗಳಲ್ಲಿ. ಮೊದಲು ಹಿಡಿದದ್ದು ಬಸ್ ನಿಲ್ದಾಣದ ಹೋಟೆಲಿನ ಅಚ್ಚಪ್ಪನನ್ನು. ಮೈ ಸ್ವಲ್ಪ ಬೆಚ್ಚಗಾಯಿತು, ನಾಲಗೆಯ ತುದಿ ಜುಮುಜುಮು ಎಂದಿತು, ಅಷ್ಟೆ. ಗಿರಾಕಿಯೊಬ್ಬ ರೂಢಿಯಂತೆ "ಏನಪ್ಪ, ಇಡ್ಲಿ ಬಿಸಿ ಇದೆಯಾ?" ಎಂದು ಕೇಳಿದ. ಅಚ್ಚಪ್ಪ "ನಿನ್ನೇದು ಸ್ವಾಮಿ, ಹಬೆಗಿಟ್ಟು ಬೆಚ್ಚಗೆ ಮಾಡಿದ್ದೀನಿ" ಎಂದ. ಎಂದವನೇ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದ. ಹದಿನಾಲ್ಕು ದಿನ ಅವನ ನಾಲಗೆಗೆ ಸುಳ್ಳು ಹತ್ತಲಿಲ್ಲ. ಹದಿನೈದನೆಯ ದಿನ ಇಡ್ಲಿ ಮತ್ತೆ ಬಿಸಿಯಾಯಿತು. ಅಷ್ಟರಲ್ಲಿ ಅರ್ಧ ಊರಿಗೆ ಜ್ವರ ಅಂಟಿತ್ತು.

ಜನ ಎಂತೆಂಥದಕ್ಕೋ ಒಗ್ಗಿಕೊಳ್ಳುತ್ತಾರೆ, ನಾವು ಇದಕ್ಕೂ ಒಗ್ಗಿಕೊಂಡೆವು. ಜ್ವರ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ವಾಡಿಕೆಯಾಯಿತು. ಸೊಪ್ಪು ಕಂಡ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಿಸಿಲು, ಸೆಕೆ, ಸೊಳ್ಳೆ, ಇಷ್ಟರ ಮೇಲೆ ಮಾತು ಮುಗಿಸಿ ಎದ್ದುಬರುತ್ತಿದ್ದರು. ಸೊಸೆಗೆ ಜ್ವರ ಬಂದರೆ ಎಪ್ಪತ್ತು ದಾಟಿದ ಅತ್ತೆಯರಿಗೂ ತವರು ನೆನಪಾಗುತ್ತಿತ್ತು. ಹೊಸ ಸೀರೆ ಉಟ್ಟ ಹೆಂಗಸರು ಸೊಪ್ಪಿನ ಬಾಗಿಲು ಬಂದರೆ ಬೀದಿ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು.

ನನಗೆ ಮಾತ್ರ ಈ ರೋಗದ ಭಯವಿರಲಿಲ್ಲ. ನಾನು ಕೊಬ್ಬರಿ ಮಂಡಿಯಲ್ಲಿ ಮೂವತ್ತೊಂದು ವರ್ಷ ತಕ್ಕಡಿ ಹಿಡಿದವನು. ಹೆಸರು ಚಿಕ್ಕೀರಪ್ಪ, ಊರು ಕರೆಯುವುದು ತಕ್ಕಡಿ ಚಿಕ್ಕೀರಪ್ಪ. ಮುಳ್ಳು ಒಂದು ಕೂದಲೆಳೆ ಆಚೆ ಹೋದರೂ ನನಗೆ ಊಟ ಸೇರುತ್ತಿರಲಿಲ್ಲ. ಸುಳ್ಳು ಹೇಳಲು ಹೋದರಂತೂ ಬಿಕ್ಕಳಿಕೆ ಬರುತ್ತಿತ್ತು. ಹುಟ್ಟಿನಿಂದ ಬಂದದ್ದು ಅದು. ಬೇಲಿ ಜಗಳವಿರಲಿ, ಕೋಳಿ ಕಳುವಿರಲಿ, ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು. ನಾನೂ ಒಗೆದ ಪಂಚೆ ಉಟ್ಟು, ಶರ್ಟಿನ ಗುಂಡಿಯೆಲ್ಲ ಹಾಕಿಕೊಂಡು ಹೋಗುತ್ತಿದ್ದೆ. "ನಿಮಗೆ ಜ್ವರ ಬಂದರೂ ಯಾರಿಗೆ ಗೊತ್ತಾಗುತ್ತೆ ಬಿಡಿ" ಎಂದು ಹೆಂಡತಿ ಸಣ್ಣಮ್ಮ ಹೇಳುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಹೀಗಿರುವಾಗ ದ್ವೀಪದಿಂದ ಲಗ್ನಪತ್ರಿಕೆ ಬಂತು.

ದ್ವೀಪ ನಮ್ಮೂರ ಕಡವಿನಿಂದ ದೋಣಿಯಲ್ಲಿ ಅರ್ಧ ದಿನದ ದಾರಿ. ದಡದಲ್ಲಿ ನಿಂತು ನೋಡಿದರೆ ನೀರಿನಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ಅಲ್ಲಿ ವರ್ಷವಿಡೀ ಸೆಕೆ, ವರ್ಷವಿಡೀ ಅನಾನಸ್. ನನ್ನ ಅಕ್ಕ ದ್ಯಾವಮ್ಮನನ್ನು ಕೊಟ್ಟಿರುವುದು ಅಲ್ಲಿಗೆ. ಭಾವ ತೀರಿಹೋಗಿ ಬಹಳ ಕಾಲವಾಯಿತು; ಉಳಿದವರು ಅಕ್ಕ ಮತ್ತು ಅವಳ ಒಬ್ಬಳೇ ಮಗಳು ಹೊನ್ನಿ. ಪತ್ರಿಕೆ ಹೊನ್ನಿಯ ಮದುವೆಯದು. ಹಿಂಬದಿಯಲ್ಲಿ ಅಕ್ಕ ತನ್ನ ಸೊಟ್ಟ ಅಕ್ಷರದಲ್ಲಿ ಬರೆದಿದ್ದಳು: "ಬಾ. ಬಾಯಿ ಮುಚ್ಚಿಕೊಂಡು ಬಾ."

ಹನ್ನೊಂದು ವರ್ಷದ ಮೇಲೆ ಅಕ್ಕ ನನ್ನ ಜೊತೆ ಆಡಿದ ಮೊದಲ ಮಾತು ಅದು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆ ಗೊತ್ತಾಗುವ ಮುಂಚೆ ಒಂದು ಸಲ, ಹಸೆಗೆ ಕರೆತರುವ ಮುಂಚೆ ಇನ್ನೊಂದು ಸಲ, ಗಂಡಿನ ಕಡೆಯ ಹಿರಿಯರು ಹುಡುಗಿಯ ಸೋದರಮಾವನನ್ನು ಕೇಳುತ್ತಾರೆ: "ನಮಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ?" ಸೋದರಮಾವ "ಏನೂ ಇಲ್ಲ, ಬಂಗಾರದಂಥ ಹುಡುಗಿ" ಎನ್ನಬೇಕು. ಎಲ್ಲ ಸೋದರಮಾವಂದಿರೂ ಅನ್ನುತ್ತಾರೆ. ಹನ್ನೊಂದು ವರ್ಷದ ಹಿಂದೆ ಹೊನ್ನಿಗೆ ಒಳ್ಳೆಯ ಸಂಬಂಧ ಬಂದಾಗ ನನ್ನನ್ನೂ ಕೇಳಿದರು. ನಾನು ಎದ್ದು ನಿಂತು "ಎಡಗಿವಿ ಕೇಳೋದಿಲ್ಲ" ಎಂದೆ. ಅದು ನಿಜವೇ, ಮೂರನೆಯ ವಯಸ್ಸಿನಲ್ಲಿ ಕಿವಿ ಸೋರಿ ಹೋದದ್ದು. ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದುಹೋದರು. ಅಕ್ಕ ನನ್ನ ಚೀಲ ತಂದು ಕೈಗೆ ಕೊಟ್ಟಳು. ಆಮೇಲೆ ಹೊನ್ನಿಗೆ ಒಂದೂ ಸಂಬಂಧ ಕುದುರಲಿಲ್ಲ.

ಈಗ ಕುದುರಿದೆ. ಗೊತ್ತು ಮಾಡುವಾಗ ಅಕ್ಕ ನನ್ನನ್ನು ಕರೆದಿರಲಿಲ್ಲ, ಆದರೆ ಸೋದರಮಾವ ಇಲ್ಲದೆ ಹುಡುಗಿ ಹಸೆಗೆ ಬರುವ ಹಾಗಿಲ್ಲ. "ಹೋಗಲೇಬೇಕು ಕಣೇ" ಎಂದೆ ಸಣ್ಣಮ್ಮನಿಗೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ "ವೀಸಾ ಹೇಗೆ ತಗೋತೀರಿ?" ಎಂದಳು.

ಅದೇ ತೊಂದರೆ. ಮೊದಲೆಲ್ಲ ದ್ವೀಪಕ್ಕೆ ಸಂತೆಗೆ ಹೋದ ಹಾಗೆ ಹೋಗಿಬರುತ್ತಿದ್ದೆವು. ಜ್ವರ ಎದ್ದ ಮೇಲೆ ದ್ವೀಪದವರು ತಮ್ಮ ಕಡವಿಗೆ ಹಗ್ಗ ಕಟ್ಟಿ, ನಮ್ಮೂರಿನ ಹಳೆಯ ದನದ ಆಸ್ಪತ್ರೆಯಲ್ಲಿ ವೀಸಾ ಕಚೇರಿ ತೆರೆದರು. ಏಳು ಪುಟದ ಫಾರಂ, ಮೂರು ಫೋಟೊ, ಎಡಗೈ ಹೆಬ್ಬೆಟ್ಟು. ಕೊನೆಯಲ್ಲಿ ಪರೀಕ್ಷೆ: ವೀಸಾ ಸಾಹೇಬರ ಮುಂದೆ ನಿಂತು ಒಂದು ಸುಳ್ಳು ಹೇಳಬೇಕು. ಅದು ಸುಳ್ಳು ಎಂದು ಬಲ್ಲ ಸಾಕ್ಷಿಯೊಬ್ಬರು ಜೊತೆಗಿರಬೇಕು. ಸುಳ್ಳು ಬಂದರೆ ಆರೋಗ್ಯವಂತ, ಮುದ್ರೆ. ಬಾರದಿದ್ದರೆ ಹದಿನಾಲ್ಕು ದಿನ ಕೊಬ್ಬರಿ ಉಗ್ರಾಣದಲ್ಲಿ ವಾಸ.

ಊರಿನವರಿಗೆ ಇದೇನೂ ಕಷ್ಟವಾಗಲಿಲ್ಲ. ಹಾಲಿನ ಡೈರಿಯ ಕಾರ್ಯದರ್ಶಿ ಕುರ್ಚಿಯಲ್ಲಿ ಕೂರುತ್ತ "ನಮ್ಮ ಹಾಲಿಗೆ ತೊಟ್ಟು ನೀರೂ..." ಎಂದು ಶುರು ಮಾಡಿದ್ದಷ್ಟೇ, ಸಾಹೇಬರು ಮುದ್ರೆ ಒತ್ತಿದರಂತೆ. ನಿವೃತ್ತ ಮೇಷ್ಟ್ರೊಬ್ಬರು ಜಗಲಿಯ ಮೇಲೆ ಸುಳ್ಳಿನ ಪಾಠ ಇಟ್ಟುಕೊಂಡರು. ನಾನು ಎರಡು ದಿನ ಹೋದೆ. ಮೂರನೆಯ ದಿನ ಮೇಷ್ಟ್ರು "ಚಿಕ್ಕೀರಪ್ಪ, ನಿನ್ನ ಬಿಕ್ಕಳಿಕೆಯಿಂದ ಉಳಿದವರ ಅಭ್ಯಾಸ ಕೆಡ್ತಾ ಇದೆ ಕಣಯ್ಯ" ಎಂದು ಕಳಿಸಿಬಿಟ್ಟರು.

ಆಮೇಲೆ ಸಣ್ಣಮ್ಮನೇ ಕಲಿಸಲು ಕೂತಳು. ಹಿತ್ತಲಲ್ಲಿ ಕರಿಬೇವಿನ ಗಿಡ ತೂಗಾಡುತ್ತಿರುವಾಗ ಪಕ್ಕದ ಮನೆಯವಳಿಗೆ "ಒಂದೆಲೇನೂ ಇಲ್ಲ ಕಣಮ್ಮ" ಎನ್ನಬಲ್ಲವಳು ಅವಳು. "ಸುಲಭ ರೀ. 'ನನ್ನ ಹೆಂಡತಿ ಸತ್ತು ಮೂರು ವರ್ಷ ಆಯ್ತು' ಅನ್ನಿ. ಪಕ್ಕದಲ್ಲೇ ನಾನು ನಿಂತಿರ್ತೀನಿ. ಸಾಹೇಬರಿಗೆ ಯೋಚನೆ ಮಾಡೋ ಕೆಲಸವೂ ಇಲ್ಲ."

"ಬಿಡ್ತು ಅನ್ನು! ಬದುಕಿರೋಳನ್ನ ಸಾಯಿಸ್ಲಾ?"

"ಸತ್ತರೂ ನಾನೇ ತಾನೇ ಸಾಯೋದು? ನಿಮಗೇನು ನೋವು?"

ನನ್ನಿಂದಾಗಲಿಲ್ಲ. ಅಷ್ಟು ದೊಡ್ಡ ಸುಳ್ಳು ಯಾಕೆ ಬೇಕು ಎಂದು ನನ್ನ ತಕ್ಕಡಿ ಬುದ್ಧಿ ಲೆಕ್ಕ ಹಾಕಿತು. ಎಷ್ಟು ಬೇಕೋ ಅಷ್ಟೇ ತೂಗಿದರಾಯಿತು. ನಮ್ಮ ಎಮ್ಮೆ ತುಂಬಿದ ಗಬ್ಬ. ಕರು ಹಾಕಲು ಇನ್ನು ಎಂಟು ದಿನವಿತ್ತು. "ಈಗಾಗಲೇ ಹಾಕಿದೆ" ಎಂದರೆ ಎಂಟೇ ದಿನದ ಸುಳ್ಳು. ಯಾರಿಗೂ ಕೇಡಿಲ್ಲ, ನನಗೂ ಹೆಚ್ಚು ಭಾರವಿಲ್ಲ.

ಮದುವೆಗೆ ಹದಿನಾರು ದಿನವಿರುವಾಗ ನಾವಿಬ್ಬರೂ ಕಚೇರಿಗೆ ಹೋದೆವು. ಸಾಹೇಬರ ಹೆಸರು ಮರುಳಯ್ಯ. ದ್ವೀಪದವರಾದ್ದರಿಂದ ನಮ್ಮೂರಿನ ಗಾಳಿಯೂ ಅವರಿಗೆ ತಂಪು. ಬೇಸಗೆಯಲ್ಲೂ ಮಫ್ಲರ್ ಸುತ್ತಿಕೊಂಡಿದ್ದರು. ಹಿಂದೆ ಗೋಡೆಯ ಮೇಲೆ ಹಸುವಿನ ಹೊಟ್ಟೆಯ ಚಿತ್ರಪಟ ಇನ್ನೂ ತೂಗುತ್ತಿತ್ತು.

"ಹೇಳಿ" ಎಂದರು.

"ನಮ್ಮ ಎಮ್ಮೆ ಇವತ್ತು ಬೆಳಿಗ್ಗೆ ಕರು ಹಾಕಿತು ಸ್ವಾಮಿ. ಹೆಣ್ಣು ಕರು" ಎಂದೆ. ಬಿಕ್ಕಳಿಕೆ ಬರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ನಾನು ಹಿಗ್ಗಿ ಸಣ್ಣಮ್ಮನ ಮುಖ ನೋಡಿದೆ.

"ಸುಳ್ಳು ಸ್ವಾಮಿ" ಎಂದಳು ಸಣ್ಣಮ್ಮ. "ಇನ್ನೂ ಎಂಟು ದಿನ ಇದೆ."

ಜೀವವಿರುವ ಪ್ರಾಣಿಯ ಮೇಲೆ ಹೇಳಿದ ಸುಳ್ಳನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕೆಂದು ಅವರ ನಿಯಮವಂತೆ. ಜವಾನ ಸೈಕಲ್ ಹತ್ತಿ ಹೋದ. ನಾವು ಬೆಂಚಿನ ಮೇಲೆ ಕೂತು, ಅಕ್ಕನಿಗೆ ಉಪ್ಪಿನಕಾಯಿ ಯಾವ ಭರಣಿಯಲ್ಲಿ ಒಯ್ಯುವುದು ಎಂದು ಮಾತಾಡಿಕೊಂಡೆವು. ಜವಾನ ಏದುಸಿರು ಬಿಡುತ್ತ ವಾಪಸು ಬಂದ.

"ಹಾಕಿದೆ ಸಾರ್! ಹೆಣ್ಣೇ! ಎದ್ದು ನಿಂತು ಮೊಲೆ ಹುಡುಕ್ತಾ ಇದೆ!"

"ಅಯ್ಯೋ ನನ್ನವ್ವ, ಒಬ್ಬಳೇ ಹೆತ್ತಳಾ!" ಎಂದು ಸಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ಓಡಿದಳು. ನನ್ನನ್ನು ತಿರುಗಿಯೂ ನೋಡಲಿಲ್ಲ. ಸಾಹೇಬರು ಮಫ್ಲರನ್ನು ಮೂಗಿನ ತನಕ ಏರಿಸಿಕೊಂಡು, ಕುರ್ಚಿಯನ್ನು ಗೋಡೆಯ ಹಸುವಿನ ಹೊಟ್ಟೆಗೆ ಒತ್ತಿ ಕೂತರು. "ಪಾಪ, ಸುಳ್ಳು ಹೇಳೋಕೆ ಬಂದು ನಿಜ ಹೇಳಿಬಿಟ್ಟಿದ್ದೀರಿ. ಜ್ವರ ಏರಿದೆ ನಿಮಗೆ."

"ಇಲ್ಲ ಸ್ವಾಮಿ, ಅದು ಸುಳ್ಳೇ! ನನಗೇ ಗೊತ್ತಿರಲಿಲ್ಲ ಅದು ನಿಜ ಅಂತ!"

"ಇದೂ ನಿಜವೇ ಹೇಳ್ತಾ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತೆ" ಎಂದು ಅವರು ನಿಟ್ಟುಸಿರಿಟ್ಟು ಉಗ್ರಾಣಕ್ಕೆ ಚೀಟಿ ಬರೆದರು.

ಮೂವತ್ತೊಂದು ವರ್ಷ ಕೊಬ್ಬರಿ ತೂಗಿದ ಉಗ್ರಾಣದಲ್ಲೇ ಚಾಪೆ ಹಾಸಿ ಮಲಗುವ ಕಾಲ ಬಂತು. ಒಳಗೆ ನಲವತ್ತು ಜನ. ನನ್ನೊಬ್ಬನಿಗೇ ಜ್ವರವಿಲ್ಲ. ಜ್ವರವಿದ್ದವರ ನಡುವೆ ಬದುಕುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಗಂಜಿ ಬಡಿಸುವವನು "ಉಪ್ಪು ಸಾಕಾ?" ಎಂದು ಕೇಳಿದರೆ ನಲವತ್ತು ಅಭಿಪ್ರಾಯ ಬರುತ್ತಿತ್ತು. ಹಾಡು ಹೇಳಿದ ಹೆಂಗಸಿಗೆ, ಇನ್ನು ಮೇಲೆ ಹಾಡಬೇಡ ಎಂದು ಮೂರು ಜನ ಕೈಮುಗಿದರು. ಮೊದಲ ರಾತ್ರಿಯೇ ಪಕ್ಕದವನು "ನೀವು ಗೊರಕೆ ಹೊಡೀತೀರಿ, ನನಗೆ ನಿಮ್ಮನ್ನ ಕಂಡರೆ ಆಗೋದಿಲ್ಲ" ಎಂದು ಸಮಾಧಾನವಾಗಿಯೇ ತಿಳಿಸಿ ಚಾಪೆ ಎಳೆದುಕೊಂಡು ಹೋದ.

ಆ ಖಾಲಿ ಜಾಗಕ್ಕೆ ಬಂದವನು ಮದುವೆ ದಲ್ಲಾಳಿ ಹಾಲಪ್ಪ. ಹನ್ನೊಂದು ವರ್ಷದ ಹಿಂದೆ ಹೊನ್ನಿಗೆ ಆ ಸಂಬಂಧ ತಂದಿದ್ದವನೂ ಇವನೇ. ಜ್ವರದಿಂದ ಅವನ ಕಸುಬು ಪೂರ್ತಿ ಕೆಟ್ಟಿತ್ತು. "ಒಂದು ವಾರದಲ್ಲಿ ಆರು ಸಂಬಂಧ ಮುರಿದೆ ಮಾರಾಯ. ಎಲ್ಲ ಬಾಯಿಂದಲೇ" ಎಂದು ಹಣೆ ಒತ್ತಿಕೊಂಡ.

ನಾಲ್ಕೈದು ದಿನ ನಾವು ಬಿಸಿಲು, ಸೆಕೆ, ಸೊಳ್ಳೆ ಮಾತಾಡಿದೆವು. ಆರನೆಯ ದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಹಾಲಪ್ಪ, ಅವತ್ತು ದ್ವೀಪದಲ್ಲಿ ನಾನು ಹೇಳಿದ್ದು ತಪ್ಪೇನಯ್ಯ?"

"ಕೇಳಬೇಡ ಚಿಕ್ಕೀರಪ್ಪ."

"ಕೇಳಿಬಿಟ್ಟಿದ್ದೀನಿ."

ಅವನು ಬಾಯಿ ಬಿಗಿಹಿಡಿದು ನೋಡಿದ. ಆಗಲಿಲ್ಲ. "ಹೇಳಿದ್ದು ತಪ್ಪಲ್ಲ. ಹಿಂದಿನ ದಿನ ಅಕ್ಕನ ಜೊತೆ ಕೂತು, 'ಇದನ್ನ ಅವರಿಗೆ ನಾವೇ ಹೇಳಿಬಿಡೋಣ' ಅನ್ನಬಹುದಿತ್ತು. ನನ್ನ ಕಿವೀಲಿ ಹೇಳಿದ್ರೂ ನಡೀತಿತ್ತು. ನೀನು ಹೇಳಲಿಲ್ಲ. ಅವರು ಕೇಳಲಿ ಅಂತ ಕಾದೆ. ಕೇಳಿದ ಕೂಡಲೇ ಎದ್ದು ನಿಂತೆ. ಪಂಚೆ ಸರಿ ಮಾಡಿಕೊಂಡೆ, ಗಂಟಲು ಸರಿ ಮಾಡಿಕೊಂಡೆ. ಕಿವಿ ಹುಡುಗೀದು, ಹೆಸರು ಬಂದದ್ದು ನಿನಗೆ."

ನನಗೆ ಅಷ್ಟೇ ಸಾಕಾಗಿತ್ತು. ಅವನಿಗೂ ಸಾಕಾಗಿತ್ತು, ಆದರೆ ನಾಲಗೆ ಬಿಡಲಿಲ್ಲ.

"ಇನ್ನೊಂದಿದೆ. ಹುಡುಗಿ ಬಾಗಿಲ ಹಿಂದೆ ನಿಂತಿತ್ತು. ಬಲಗಿವಿ ನಮ್ಮ ಕಡೆಗಿತ್ತು."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಹೊಟ್ಟೆಕಿಚ್ಚಿನವನು ಸುಳ್ಳು ಹೇಳುತ್ತಾನೆ ಎಂದು ಎದ್ದು ಹೋಗುತ್ತಿದ್ದೆ. ಹಾಲಪ್ಪನಿಗೆ ನೂರೊಂದು ಡಿಗ್ರಿ ನಿಜ ಸುಡುತ್ತಿತ್ತು. ಉಗ್ರಾಣದ ಮೂಲೆಯಲ್ಲಿ ನನ್ನ ತಕ್ಕಡಿಗೆ ಗೋಣಿ ಹೊದಿಸಿಟ್ಟಿದ್ದರು. ಉಳಿದ ಎಂಟು ದಿನ ನಾನು ಆ ಕಡೆ ತಲೆ ಹಾಕಿ ಮಲಗಲಿಲ್ಲ.

ಹದಿನೈದನೆಯ ದಿನ ಬಿಟ್ಟರು. ಮಾರನೆಯ ದಿನವೇ ಸೋಮವಾರದ ದೋಣಿ. ಅದು ತಪ್ಪಿದರೆ ಮದುವೆಯೂ ತಪ್ಪಿತು. ಸಣ್ಣಮ್ಮ ಕರುವಿನ ಹಗ್ಗ ಪಕ್ಕದ ಮನೆಯವಳ ಕೈಗೆ ಕೊಟ್ಟು, "ಈ ಸಲವಾದರೂ ನನ್ನನ್ನ ಸಾಯಿಸಿ" ಎಂದು ಗೊಣಗುತ್ತ ಜೊತೆಗೆ ಬಂದಳು.

"ಕರು ಹೇಗಿದೆ?" ಎಂದು ವಿಚಾರಿಸಿಕೊಂಡೇ ಮರುಳಯ್ಯನವರು ಫಾರಂ ತೆಗೆದರು. "ಈ ಸಲ ಪ್ರಾಣಿ ವಿಷಯ ಬೇಡ. ನಾನೇ ಕೇಳ್ತೀನಿ. ದ್ವೀಪಕ್ಕೆ ಯಾಕೆ ಹೋಗ್ತಾ ಇದ್ದೀರಿ?"

ಮನೆಯಿಂದ ಕಟ್ಟಿಕೊಂಡು ಬಂದಿದ್ದ ಸುಳ್ಳು ಈ ಪ್ರಶ್ನೆಗೆ ಹೊಂದಲಿಲ್ಲ. ಮಡಚಿ ಜೇಬಿನಲ್ಲಿಟ್ಟಿದ್ದ ಲಗ್ನಪತ್ರಿಕೆ ಎದೆಗೆ ಒತ್ತುತ್ತಿತ್ತು.

"ಅಕ್ಕನ್ನ ನೋಡೋಕಲ್ಲ ಸ್ವಾಮಿ" ಎಂದೆ. ಒಂದು ಬಿಕ್ಕಳಿಕೆ ಬಂತು. "ಅವಳು ನನಗೆ ಬೇಕಾಗಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ನೆನಪಾಗಿಲ್ಲ." ಇನ್ನೆರಡು ಬಂದವು. "ಅನಾನಸ್ ಗೊಜ್ಜಿನ ಆಸೆಗೆ ಹೋಗ್ತಿದ್ದೀನಿ." ಆಮೇಲೆ ಬಿಕ್ಕಳಿಕೆ ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಜವಾನ ಓಡಿಹೋಗಿ ಒಂದು ಲೋಟ ನೀರು ತಂದ.

"ಸಾಕ್ಷಿ ಏನು ಹೇಳ್ತಾರೆ?" ಎಂದರು ಸಾಹೇಬರು.

ಸಣ್ಣಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಸುಳ್ಳು ಸ್ವಾಮಿ. ಸೋಮವಾರ ದೋಣಿ ಬರೋ ಹೊತ್ತಿಗೆ ಕಡವಿಗೆ ಹೋಗಿ ನಿಲ್ತಾರೆ. ಹನ್ನೊಂದು ವರ್ಷದಿಂದ ಒಂದು ಸೋಮವಾರ ತಪ್ಪಿಸಿಲ್ಲ. ನನ್ನ ಕೇಳಿದರೆ ಗಾಳಿಗೆ ಅಂತಾರೆ. ಅನ್ನುವಾಗಲೂ ಬಿಕ್ಕಳಿಸ್ತಾರೆ."

ಮರುಳಯ್ಯನವರು ನನ್ನ ಮುಖ ನೋಡದೆ ಮುದ್ರೆ ಒತ್ತಿದರು. ಹೊರಡುವಾಗ "ಗೊಜ್ಜು ನಿಜವಾಗಿಯೂ ಚೆನ್ನಾಗಿರುತ್ತೆ, ತಿನ್ನಿ" ಎಂದರು.

ಎಳೆಗರುವನ್ನು ಬಿಟ್ಟು ಬರಲಾಗದೆ ಸಣ್ಣಮ್ಮ ಊರಲ್ಲೇ ಉಳಿದಳು. ದ್ವೀಪದ ಕಡವಿನಲ್ಲಿ ಕಾಗದ ತೋರಿಸಿ ಇಳಿದೆ. ಸೆಕೆಗೆ ಅಂಗಿ ಮೈಗೆ ಅಂಟಿತು. ಅನಾನಸಿನ ವಾಸನೆ ಕಡವಿನ ತನಕ ಬರುತ್ತಿತ್ತು. ವೀಸಾ ಇದ್ದರೂ ಜನಕ್ಕೆ ನಂಬಿಕೆ ಸಾಲದು. ಮಾರನೆಯ ದಿನ ಮದುವೆಯಲ್ಲಿ ಹೊರಗಿನವನಾದ ನನ್ನೊಬ್ಬನಿಗೆ ಚಪ್ಪರದ ಮೂಲೆಯಲ್ಲಿ ಹಗ್ಗ ಕಟ್ಟಿ ಜಾಗ ಮಾಡಿದ್ದರು. ತಿಂಡಿಯ ತಟ್ಟೆಯನ್ನು ಉದ್ದನೆಯ ಬಿದಿರ ಗಳುವಿನಿಂದ ನನ್ನ ಕಡೆಗೆ ತಳ್ಳಿದರು. ಅಕ್ಕ ಹಗ್ಗದ ಆಚೆ ಬಂದು ನಿಂತಳು. ಕೂದಲು ಪೂರಾ ಬೆಳ್ಳಗಾಗಿತ್ತು.

"ಬಂದೆಯಾ" ಎಂದಳು.

"ಬಂದೆ ಅಕ್ಕ."

"ಬಾಯಿ?"

ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳಿಗೆ ನಗು ಬಂತೇನೋ, ತಿರುಗಿ ಹೋದಳು.

ಮದುವೆ ಗಂಡು ದೋಣಿಯ ಎಂಜಿನ್ ರಿಪೇರಿ ಮಾಡುವವನು. ದಿನವಿಡೀ ಎಂಜಿನ್ನಿನ ಪಕ್ಕದಲ್ಲಿದ್ದು, ಕುಡಿಯಲು ನೀರು ಕೇಳಿದರೂ ಕೂಗಿಯೇ ಕೇಳುತ್ತಿದ್ದ. ಅವನ ತಾಯಿ ಗಟ್ಟಿಗಿತ್ತಿ. ಮುಹೂರ್ತ ಹತ್ತಿರ ಬಂದಾಗ ಆಕೆ ಹಗ್ಗದ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಕಾಗದ ಏನೇ ಹೇಳಲಿ, ಆ ಊರಿನವರನ್ನ ಹುಡುಗಿ ಕೈ ಮುಟ್ಟೋಕೆ ಹೇಗೆ ಬಿಡೋದು ಅಂತ ನನಗೆ ಯೋಚನೆ. ಆದರೂ ಪದ್ಧತಿ ಪದ್ಧತಿನೇ. ಕೇಳ್ತೀನಿ. ಸೋದರಮಾವನವರೇ, ನಮಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ?"

ಅಕ್ಕನ ಕೈಯಲ್ಲಿದ್ದ ಅರಿಸಿನದ ಬಟ್ಟಲು ಅಲ್ಲೇ ನಿಂತಿತು. ಒಳಕೋಣೆಯ ಬಾಗಿಲ ಹಿಂದೆ ಸೀರೆಯ ಅಂಚು ಕಂಡಿತು.

ನಾನು ಎದ್ದು ನಿಲ್ಲಲಿಲ್ಲ. ಪಂಚೆ ಮುಟ್ಟಲಿಲ್ಲ. ಕೂತಲ್ಲಿಂದಲೇ ಹೇಳಿದೆ: "ಏನೂ ಇಲ್ಲ ತಾಯಿ. ಬಂಗಾರದಂಥ ಹುಡುಗಿ. ಎರಡು ಕಿವಿನೂ ಗಂಟೆ ಹಾಗೆ ಕೇಳ್ತವೆ."

ಆಮೇಲೆ ಚಪ್ಪರದ ಕಂಬ ಅಲುಗುವಂತೆ ಒಂದು ಬಿಕ್ಕಳಿಕೆ ಬಂತು.

ಹಸೆಯ ಮೇಲಿದ್ದ ಗಂಡು ಬಾಸಿಂಗ ಮೇಲೆತ್ತಿ ನನ್ನನ್ನೇ ನೋಡಿದ. "ಎಡಗಿವಿ ಕೇಳಲ್ಲ ಮಾವ ಅವಳಿಗೆ!" ಎಂದು ದಡದ ತನಕ ಕೇಳುವ ಹಾಗೆ ಕೂಗಿದ. "ನಮಗೆಲ್ಲ ಗೊತ್ತು! ಮೊದಲನೇ ದಿನವೇ ಅತ್ತೆ ಹೇಳಿದ್ದಾರೆ! ನಿಮಗೆ ಗೊತ್ತಿಲ್ವಾ?"

ನಾನು ಅಕ್ಕನ ಕಡೆ ನೋಡಿದೆ. ಅವಳು ಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತ ನಗುತ್ತಿದ್ದಳು. ನಗುತ್ತಲೇ ಅಳುತ್ತಿದ್ದಳು. "ಹೇಳೋ ಅಂದಾಗ ಹೇಳಲಿಲ್ಲ, ಬೇಡದೆ ಇರೋವಾಗ ಹೇಳಿದೆಯಲ್ಲೋ, ಕೋಡಂಗಿ! ಸುಳ್ಳು ಹೇಳೋದನ್ನ ಯಾವಾಗ ಕಲಿತೆಯೋ?"

"ಇಪ್ಪತ್ತು ದಿನ ಆಯ್ತು ಅಕ್ಕ" ಎಂದೆ. ಅದು ನಿಜವಾದ್ದರಿಂದ ಬಿಕ್ಕಳಿಕೆ ನಿಂತಿತು.

ಗಂಡಿನ ತಾಯಿಯ ಮುಖ ಅಗಲವಾಯಿತು. "ಇಷ್ಟು ದಪ್ಪ ಸುಳ್ಳು ಹೇಳ್ತಾರೆ ಅಂದಮೇಲೆ ಇವರಿಗೆ ಜ್ವರ ಎಲ್ಲಿಂದ ಬರಬೇಕು? ಬಿಚ್ಚಿ ಆ ಹಗ್ಗ!" ಎಂದರು. ಅಲ್ಲಿಯ ತನಕ ದೂರ ನಿಂತಿದ್ದವರೆಲ್ಲ ನನ್ನ ಸುತ್ತ ಬಂದು ಬೆನ್ನು ತಟ್ಟಿದರು. ಸುಳ್ಳು ಹೇಳಿ ಮರ್ಯಾದೆ ಪಡೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಹೊನ್ನಿ ಹೊರಗೆ ಬಂದಳು. ಮೂವತ್ತನಾಲ್ಕು ವರ್ಷದ ಹುಡುಗಿ, ತಲೆ ತುಂಬ ಮಲ್ಲಿಗೆ. ಅವಳ ಬಲಗೈ ಹಿಡಿದು, ಬಲಕ್ಕೇ ನಿಂತು ಹಸೆಯ ಕಡೆಗೆ ಹೆಜ್ಜೆ ಹಾಕಿದೆ. ಓಲಗದ ನಡುವೆ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಹೊನ್ನಿ, ಅವತ್ತು ನೀನು ಬಾಗಿಲ ಹಿಂದೆ ಇದ್ದೆಯಂತೆ. ನಂದು ತಪ್ಪಾಯ್ತು ಕಣವ್ವ."

ಅವಳು ನನ್ನ ಕಡೆ ತಿರುಗಲಿಲ್ಲ. ಬೆರಳು ಮಾತ್ರ ಬಿಗಿಯಾಯಿತು.

"ಆ ಕಡೆ ಕಿವಿ ನನಗೆ ಕೇಳಲ್ಲ ಮಾವ" ಎಂದಳು. "ನಡೀರಿ, ಹೊತ್ತಾಯ್ತು."

ನಾನಿದ್ದದ್ದು ಅವಳ ಬಲಕ್ಕೆ. ಅವಳಿಗೆ ಬಿಕ್ಕಳಿಕೆ ಬರಲಿಲ್ಲ.